ಹಕ್ಕಿ ತರಲಿಲ್ಲ, ಮಂಗ ತರಲಿಲ್ಲ: ಕ್ಯಾಸನೂರು ಕಾಡಿನ ಜ್ವರದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಚಂದ್ರಗುತ್ತಿ ಅಂದ್ರೆ ನಿಮಗೆ ಏನು ನೆನಪಾಗುತ್ತೆ? ಸ್ವಲ್ಪ ವಯಸ್ಸಾದವರಾದ್ರೆ 1986 ಅಂತಾರೆ. ರೇಣುಕಾಂಬೆ ಜಾತ್ರೆ, ಬೆತ್ತಲೆ ಸೇವೆ, ಅದನ್ನು ತಡೆಯೋಕೆ ಹೋದವರ ಮೇಲೆ ಹಲ್ಲೆ, ಆಮೇಲೆ ನಿಷೇಧ. ದೇಶವೆಲ್ಲ ಆಗ ನಮ್ಮೂರಿನ ಹೆಸರು ಕೇಳಿತ್ತು. ಆದರೆ ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ನಮ್ಮ ಸೊರಬ ತಾಲ್ಲೂಕಿನ ಇನ್ನೊಂದು ಊರಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಿಗೆ ಸೇರಿಹೋಗಿತ್ತು. ಆ ಊರು ಕ್ಯಾಸನೂರು. ಪುಸ್ತಕದಲ್ಲಿ ಅದು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ಮೊದಲೇ ಹೇಳಿಬಿಡ್ತೀನಿ. ನಾನು ಡಾಕ್ಟರ್ ಅಲ್ಲ, ವಿಜ್ಞಾನ ಓದಿದವಳೂ ಅಲ್ಲ. ಓದಿದ್ದು ಬಿ.ಕಾಂ. ಹಾಗಾಗಿ ಈ ಜ್ವರದ ಇತಿಹಾಸವನ್ನು ನನಗೆ ಗೊತ್ತಿರೋ ರೀತಿಯಲ್ಲೇ ನೋಡ್ತೀನಿ. ಆದಾಯ ಯಾರ ಖಾತೆಗೆ ಹೋಯಿತು, ಖರ್ಚು ಯಾರ ಖಾತೆಗೆ ಬಿತ್ತು? ಇಷ್ಟೇ ಪ್ರಶ್ನೆ.

1957: ಮರದಿಂದ ಉದುರಿದ ಮಂಗಗಳು

ನನ್ನ ಅಜ್ಜಿ ಮನೆ ಚಂದ್ರಗುತ್ತಿ ಸೀಮೆಯಲ್ಲಿ. ಅಜ್ಜಿಗೆ ಆಗ ಹನ್ನೆರಡೋ ಹದಿಮೂರೋ ವರ್ಷ. "ಮುಸ್ಯಾಗಳು ಹಣ್ಣು ಉದುರಿದ ಹಾಗೆ ಉದುರ್ತಿದ್ವಂತೆ ಮಗಾ. ಕಾಡಿಗೆ ಹೋದವರು ಬಂದು ಹೇಳ್ತಿದ್ರು. ಆಮೇಲೆ ಕಾಡಿಗೆ ಹೋದವರೇ ಮಲಗಿದ್ರು" ಅಂತ ಅಜ್ಜಿ ಇವತ್ತಿಗೂ ಹೇಳ್ತಾಳೆ.

ಈ ಮಾತನ್ನು ಸ್ವಲ್ಪ ನಿಂತು ಕೇಳಬೇಕು. ಮಂಗ ಸಾಯೋದಕ್ಕೂ ಮನುಷ್ಯರಿಗೆ ಜ್ವರ ಬರೋದಕ್ಕೂ ಸಂಬಂಧ ಇದೆ ಅಂತ ಮೊದಲು ಗಮನಿಸಿದ್ದು ಪ್ರಯೋಗಾಲಯ ಅಲ್ಲ, ಕಾಡಂಚಿನ ಜನ. ಪುಣೆಯ ವೈರಸ್ ಸಂಶೋಧನಾ ಕೇಂದ್ರ ಇಲ್ಲಿಗೆ ಬಂದಿದ್ದೇ ಸೊರಬದ ಕಾಡಿನಲ್ಲಿ ಮಂಗಗಳು ಸಾಯುತ್ತಿವೆ ಅನ್ನೋ ಸುದ್ದಿ ಕೇಳಿ. 1952ರಲ್ಲಿ ನಮ್ಮ ಐಸಿಎಂಆರ್ ಮತ್ತು ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ ಕಟ್ಟಿದ ಸಂಸ್ಥೆ ಅದು. ಆಗ ಅದರ ನಿರ್ದೇಶಕ ಟೆಲ್ಫರ್ಡ್ ವರ್ಕ್. ಅವರ ಜೊತೆ ಹೆರಾಲ್ಡ್ ಟ್ರಾಪಿಡೊ ಮುಂತಾದವರಿದ್ದರು.

ಅವರಿಗೆ ಮೊದಲು ಬಂದ ಭಯ ಹಳದಿ ಜ್ವರದ್ದು. ಮಂಗಗಳು ಸಾಯೋದು, ಅದರ ಬೆನ್ನಿಗೇ ಮನುಷ್ಯರಿಗೆ ಜ್ವರ ಬರೋದು ದಕ್ಷಿಣ ಅಮೆರಿಕದ ಹಳದಿ ಜ್ವರದ ಲಕ್ಷಣ. ಅದು ಏಷ್ಯಾಕ್ಕೆ ಬಂದಿರಲಿಲ್ಲ. ಬಂದಿದ್ದರೆ ದೊಡ್ಡ ಅನಾಹುತ. ಆದರೆ 1957ರಲ್ಲಿ ಮಂಗಗಳಿಂದ ಮತ್ತು ರೋಗಿಗಳಿಂದ ಬೇರ್ಪಡಿಸಿದ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಅದರ ಹತ್ತಿರದ ನೆಂಟ ಇದ್ದದ್ದು ರಷ್ಯಾದಲ್ಲಿ! ಅಲ್ಲಿ ವಸಂತ, ಬೇಸಿಗೆಗಳಲ್ಲಿ ಬರುವ, ಉಣುಗಿನಿಂದ ಹರಡುವ ಮಿದುಳು ಜ್ವರದ ಗುಂಪಿಗೆ ಸೇರಿದ ವೈರಸ್ ಇದು. ಸೊಳ್ಳೆಯಿಂದಲ್ಲ, ಉಣುಗಿನಿಂದ. ನಾವು ದನದ ಮೈಯಿಂದ ಕಿತ್ತು ಬೆಂಕಿಗೆ ಹಾಕ್ತೀವಲ್ಲ, ಅದೇ ಜಾತಿಯ ಹುಳ.

ಮೊದಲ ವರ್ಷ 466 ಜನರಿಗೆ ಕಾಯಿಲೆ ಬಂದಿತ್ತು, ಮರುವರ್ಷ 181 ಜನರಿಗೆ. ಇದ್ದಕ್ಕಿದ್ದಂತೆ ಜ್ವರ, ತಲೆ ಸಿಡಿತ, ಮೈಕೈ ಮುರಿಯುವ ನೋವು, ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಜ್ವರ ಬಿಟ್ಟಿತು ಅಂದುಕೊಂಡ ಕೆಲವರಿಗೆ ಒಂದೆರಡು ವಾರದ ಮೇಲೆ ಮತ್ತೆ ಬರುತ್ತಿತ್ತು. ಇಂದಿಗೂ ಇದಕ್ಕೇ ಅಂತ ಔಷಧಿ ಇಲ್ಲ. ಬರುವ ತೊಂದರೆಗಳಿಗೆ ಚಿಕಿತ್ಸೆ ಕೊಟ್ಟು ಕಾಯಬೇಕು. ನೂರು ರೋಗಿಗಳಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ.

ಸೈಬೀರಿಯಾದ ಹಕ್ಕಿ

ರಷ್ಯಾದ ವೈರಸ್ಸಿನ ನೆಂಟ ಸೊರಬಕ್ಕೆ ಹೇಗೆ ಬಂತು? ಕಾಲ ಯಾವುದು ನೋಡಿ. ಶೀತಲ ಸಮರದ ಕಾಲ. ಅಮೆರಿಕ, ಸೋವಿಯತ್ ಎರಡೂ ಒಂದನ್ನೊಂದು ಅನುಮಾನದಿಂದಲೇ ನೋಡುತ್ತಿದ್ದವು. ಆಗ ಹುಟ್ಟಿದ ಉತ್ತರ ಅಂದ್ರೆ ವಲಸೆ ಹಕ್ಕಿ. ಚಳಿಗಾಲದಲ್ಲಿ ಉತ್ತರದಿಂದ ಹಾರಿ ಬರುವ ಹಕ್ಕಿಗಳ ಮೈಗೆ ಅಂಟಿಕೊಂಡ ಉಣುಗುಗಳು ವೈರಸ್ ತಂದಿರಬಹುದು ಅನ್ನೋ ಊಹೆ. ನಮ್ಮ ಗುಡವಿಯಂಥ ಕೆರೆಗಳಿಗೆ ಹಕ್ಕಿಗಳು ಬರೋದನ್ನು ನೋಡಿದವರಿಗೆ ಇದು ನಂಬುವಂಥದ್ದೇ.

ಇದನ್ನು ಪರೀಕ್ಷಿಸೋಕೆ ಪಕ್ಷಿತಜ್ಞ ಸಲೀಂ ಅಲಿ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರು ಮಾಡಿದರು. ಮುಂದೆ 1960ರ ದಶಕದಲ್ಲಿ ಈ ಕೆಲಸಕ್ಕೆ ಅಮೆರಿಕದ ಸೇನೆಯ ಒಂದು ವಿಭಾಗದಿಂದಲೂ ಹಣ ಬಂತು. 1974ರಲ್ಲಿ ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಮೆರಿಕದ ಸೇನೆಗೆ ನಮ್ಮ ಹಕ್ಕಿಗಳ ಮೇಲೆ ಯಾಕಿಷ್ಟು ಪ್ರೀತಿ ಅಂತ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಪ್ರಶ್ನೆ ಎತ್ತಿತು.

ಇಷ್ಟೆಲ್ಲ ಆಗಿ, ಭಾರತದ ಹಕ್ಕಿಗಳ ಬಗ್ಗೆ ನಮಗೆ ಬಹಳಷ್ಟು ತಿಳಿಯಿತು. ಅದು ಲಾಭವೇ. ಆದರೆ ವೈರಸ್ಸನ್ನು ಹಕ್ಕಿ ತಂದಿತು ಅನ್ನೋದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಇವತ್ತು ವಿಜ್ಞಾನಿಗಳು ಈ ವೈರಸ್ ಬಹಳ ಹಿಂದಿನಿಂದಲೇ ಕಾಡಿನ ಇಲಿ, ಮೂಗಿಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿತ್ತು ಅಂತಾರೆ.

ಹಾಗಾದ್ರೆ ಪ್ರಶ್ನೆಯೇ ಬದಲಾಗುತ್ತೆ. 'ಎಲ್ಲಿಂದ ಬಂತು' ಅನ್ನೋದಲ್ಲ, 'ಇಲ್ಲೇ ಇದ್ದದ್ದು ಈಗ ಯಾಕೆ ಹೊರಗೆ ಬಂತು' ಅನ್ನೋದು.

ಮರ ಬಿದ್ದಾಗ ಏನಾಗುತ್ತದೆ ಅಂತ ಗೊತ್ತಿದ್ದವರು

ಇಲ್ಲಿ ಹೋರ್ಹೆ ಬೋಶೆಲ್ ಅನ್ನೋ ಕೊಲಂಬಿಯಾ ದೇಶದ ವೈದ್ಯರು ಬರ್ತಾರೆ. ಅವರು ತಮ್ಮ ದೇಶದಲ್ಲಿ ಕಾಡಿನ ಹಳದಿ ಜ್ವರದ ಮೇಲೆ ಕೆಲಸ ಮಾಡಿದವರು. ಅಲ್ಲಿ ಅವರು ಕಂಡದ್ದು ಇದು: ಎತ್ತರದ ಮರದ ನೆತ್ತಿಯಲ್ಲಿ, ಮಂಗಗಳ ಮಧ್ಯೆ ಬದುಕುವ ಸೊಳ್ಳೆಗಳು ಮರ ಕಡಿದು ಉರುಳಿಸಿದಾಗ ಅದರ ಜೊತೆಗೇ ನೆಲಕ್ಕೆ ಬಂದು ಮರ ಕಡಿಯುವವರನ್ನೇ ಕಚ್ಚುತ್ತಿದ್ದವು. ಜ್ವರ ಮನುಷ್ಯನ ಹತ್ತಿರ ತಾನಾಗಿ ಬಂದಿರಲಿಲ್ಲ. ಕೊಡಲಿ ಅದನ್ನು ಕೆಳಗಿಳಿಸಿತ್ತು.

ಅದೇ ಕಣ್ಣಿನಲ್ಲಿ ಬೋಶೆಲ್ ನಮ್ಮ ಮಲೆನಾಡನ್ನು ನೋಡಿದರು. 1969ರಲ್ಲಿ ಅವರು ಪ್ರಕಟಿಸಿದ ಲೇಖನದ ವಾದವನ್ನು ನಮ್ಮ ಮಾತಲ್ಲಿ ಹೇಳೋದಾದ್ರೆ ಹೀಗೆ. ಜನ ಹೆಚ್ಚಾದರು, ಕಾಡು ಕಡಿದು ಗದ್ದೆಯಾಯಿತು. ಕಾಡಿನ ಅಂಚು ಉದ್ದವಾಯಿತು, ಆ ಅಂಚಿನಲ್ಲಿ ಲಂಟಾನ ಪೊದೆ ಬೆಳೆಯಿತು. ದನಗಳು ಕಾಡಿಗೂ ಕೊಟ್ಟಿಗೆಗೂ ದಿನಾ ಓಡಾಡಿದವು. ದೊಡ್ಡ ಉಣುಗುಗಳಿಗೆ ದನದ ರಕ್ತ ಬೇಕು. ದನ ಹೆಚ್ಚಾದರೆ ಉಣುಗು ಹೆಚ್ಚು. ದನಕ್ಕೆ ಈ ಕಾಯಿಲೆ ಬರಲ್ಲ, ದನದಿಂದ ನೇರವಾಗಿ ನಮಗೂ ಹರಡಲ್ಲ, ಆದರೆ ಉಣುಗಿನ ಸಂತೆ ಬೆಳೆಯೋದು ದನದ ಮೈಮೇಲೆ. ಕಾಯಿಲೆ ಬಂದು ಸತ್ತ ಮಂಗ ನೆಲಕ್ಕೆ ಬಿದ್ದಾಗ ಅದರ ಮೈಯ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಕಾಯುತ್ತವೆ.

ಅಂದ್ರೆ ಮಂಗ ಅಪರಾಧಿ ಅಲ್ಲ. ಅದು ನಮ್ಮ ಹಾಗೇ ಸಾಯುವ ರೋಗಿ, ನಮಗಿಂತ ಮೊದಲು. ರೋಗಗಳಿಗೆ ಪ್ರಾಣಿಯ ಹೆಸರು, ಊರಿನ ಹೆಸರು ಇಡಬೇಡಿ ಅಂತ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ ಜ್ವರಕ್ಕೆ ಎರಡೂ ಅಂಟಿಕೊಂಡಿವೆ. ಕಡಿದವನ ಹೆಸರು ಮಾತ್ರ ಯಾವ ರೋಗಕ್ಕೂ ಇಡಲ್ಲ!

ಅದಕ್ಕೂ ಮೊದಲು: ಕಾನು

ಇನ್ನೂ ಹಿಂದಕ್ಕೆ ಹೋಗೋಣ. ಸೊರಬದವರಿಗೆ 'ಕಾನು' ಅನ್ನೋ ಪದ ಹೇಳಿಕೊಡಬೇಕಾಗಿಲ್ಲ. ಹೊರಗಿನವರಿಗೆ ಹೇಳ್ತೀನಿ: ಊರ ಪಕ್ಕದ ದಟ್ಟ ನಿತ್ಯಹಸಿರು ಕಾಡಿನ ತುಂಡು. ಒಳಗೆ ದೇವರು, ನೀರಿನ ಸೆಲೆ, ಮರಕ್ಕೆ ಹಬ್ಬಿದ ಕಾಳುಮೆಣಸು, ಬಗನಿ ಮರ, ಜೇನು. 1868ರಲ್ಲಿ ಬ್ರಿಟಿಷ್ ಸರ್ಕಾರದ ಅರಣ್ಯಾಧಿಕಾರಿ ಬ್ರಾಂಡಿಸ್ ಮತ್ತು ಗ್ರಾಂಟ್ ಸೇರಿ ಸೊರಬ ತಾಲ್ಲೂಕಿನ ಕಾನುಗಳ ಮೇಲೆಯೇ ಒಂದು ವರದಿ ಬರೆದರು. ಒಂದೇ ತಾಲ್ಲೂಕಿನಲ್ಲಿ 171 ಕಾನು, 32 ಸಾವಿರ ಎಕರೆಗೂ ಹೆಚ್ಚು ಜಾಗ!

ಕಾನಿಗೆ ಕಟ್ಟುಪಾಡು ಇತ್ತು. ಹಸಿ ಮರಕ್ಕೆ ಕೊಡಲಿ ಹಾಕಬಾರದು, ಹೊತ್ತಲ್ಲದ ಹೊತ್ತಲ್ಲಿ ಒಳಗೆ ಹೋಗಬಾರದು. ಇದನ್ನೆಲ್ಲ ಭಕ್ತಿ ಅಂತ ಕರೆದು ಸುಮ್ಮನಾಗ್ತೀವಿ. ಆದರೆ ಯಾವ ಜಾಗಕ್ಕೆ, ಯಾವ ಕಾಲದಲ್ಲಿ, ಎಷ್ಟು ಜನ ಹೋಗಬಹುದು ಅನ್ನೋ ಲೆಕ್ಕವೂ ಅದರಲ್ಲಿತ್ತು. ಕಾನು ಕರಗಿದ್ದಕ್ಕೇ ಕಾಯಿಲೆ ಬಂತು ಅಂತ ನಾನು ಒಂದೇ ಗೆರೆ ಎಳೀತಿಲ್ಲ. ಹಳೆಯ ಕಾಲ ಚಿನ್ನ ಅಂತಲೂ ಹೇಳ್ತಿಲ್ಲ. ಆಗ ಕಾನು, ತೋಟಗಳ ಲಾಭ ಉಳ್ಳವರಿಗೇ ಹೋಗ್ತಿತ್ತು, ಉಳುವವರಿಗಲ್ಲ. ನಾನು ಹೇಳೋದು ಇಷ್ಟೇ: ಕಾನು ತುಂಡಾದಷ್ಟೂ ಅಂಚು ಉದ್ದವಾಗುತ್ತೆ, ಮನುಷ್ಯ, ದನ, ಮಂಗ, ಉಣುಗು ಎಲ್ಲ ಸೇರೋದು ಆ ಅಂಚಿನಲ್ಲೇ.

ತುಂಡಾಗೋದು 1957ಕ್ಕೆ ನಿಲ್ಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಶರಾವತಿ ಕಣಿವೆಯಲ್ಲಿ ಮನೆ ಗದ್ದೆ ಕಳೆದುಕೊಂಡವರನ್ನು ಜಿಲ್ಲೆಯ ಕಾಡಂಚಿಗೆ ತಂದು ಬಿಟ್ಟರು. ನಾಡಿಗೆ ಕರೆಂಟು ಬಂತು, ಅವರಿಗೆ ಕಾಡಿನ ಅಂಚು ಬಂತು. 1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಸಾವಿರಾರು ಹೆಕ್ಟೇರ್ ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ಅಲ್ಲಿ ನೀಲಗಿರಿ, ಅಕೇಶಿಯಾ ಬೆಳೆದವು.

ಬೆಳ್ತಂಗಡಿಯಲ್ಲಿ ಅದೇ ಪಾಠ

ಬೋಶೆಲ್ ಬರೆದದ್ದನ್ನು ಯಾರಾದರೂ ಓದಿದ್ದರೆ 1982ರ ಕೊನೆಗೆ ಬೆಳ್ತಂಗಡಿಯಲ್ಲಿ ನಡೆದದ್ದು ನಡೀತಿರಲಿಲ್ಲವೇನೋ. ಅಲ್ಲಿ ಗೇರು ತೋಟಕ್ಕಾಗಿ ಕಾಡು ಬೋಳಿಸಿದರು. ಮಂಗಗಳು ಸತ್ತವು, ನಂತರ ಕೂಲಿಯವರಿಗೆ ಜ್ವರ ಬಂತು. ಅಲ್ಲಿಯವರೆಗೆ ಕಂಡ ದೊಡ್ಡ ಹಾವಳಿಗಳಲ್ಲಿ ಅದೂ ಒಂದು. ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ, ನೂರಕ್ಕೂ ಹೆಚ್ಚು ಸಾವು.

ಆಗ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡುತ್ತಿದ್ದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದರ ಮೇಲೆ ಬರೆದರು. ಅವರು ಇದನ್ನು ಕರೆದದ್ದು 'ಅಭಿವೃದ್ಧಿಯ ಕಾಯಿಲೆ' ಅಂತ. ಕಾಡು ಕಡಿದದ್ದಕ್ಕೆ ಭೂತಗಳು ಮುನಿದಿವೆ ಅಂತ ಊರಿನ ಜನ ಹೇಳುತ್ತಿದ್ದರು. ಪೇಟೆಯವರಿಗೆ ಅದು ಮೂಢನಂಬಿಕೆ. ಆದರೆ ಆ ಮಾತಿನೊಳಗೆ ಕಾರಣ ಸರಿಯಾಗಿಯೇ ಇತ್ತು ನೋಡಿ: ಕಾಡು ಕಡಿದಿರಿ, ಅದಕ್ಕೆ ಬಂತು. ಬೋಶೆಲ್ ಉಣುಗಿನ ಹೆಸರು ಹೇಳಿದರು, ಇವರು ಭೂತದ ಹೆಸರು ಹೇಳಿದರು. ಯಾರಿಂದ ಆಯಿತು ಅನ್ನೋದರಲ್ಲಿ ಇಬ್ಬರದೂ ಒಂದೇ ಉತ್ತರ.

ದೊಡ್ಡಮ್ಮನ ಲೆಕ್ಕ

ಈಗ ನಮ್ಮ ಮನೆಗೆ ಬರೋಣ. ನನ್ನ ದೊಡ್ಡಮ್ಮ ಪ್ರತಿ ವರ್ಷ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದರಕು ಗುಡಿಸೋಕೆ ಹೋಗ್ತಾರೆ. ಕಾಡಿನ ಒಣ ಎಲೆ ಕೊಟ್ಟಿಗೆಗೆ ಹಾಸೋಕೆ, ಗೊಬ್ಬರಕ್ಕೆ, ಅಡಿಕೆ ತೋಟಕ್ಕೆ ಬೇಕು. ತೋಟ ಅವರದ್ದಲ್ಲ. ಅವರದ್ದು ಕೂಲಿ.

ಉಣುಗಿನ ಕ್ಯಾಲೆಂಡರ್ ನೋಡಿ. ದೊಡ್ಡ ಉಣುಗು ಮಳೆಗಾಲದಲ್ಲಿ ದನದ ಮೇಲೆ. ಮಳೆ ನಿಂತ ಮೇಲೆ ಮರಿಗಳು. ನವೆಂಬರ್‌ನಿಂದ ಮೇ ತನಕ ಎಳ್ಳಿನ ಕಾಳಿನಷ್ಟು ಸಣ್ಣ, ಮನುಷ್ಯನನ್ನು ಕಚ್ಚುವ ಹಂತದವು. ಎಲ್ಲಿ ಇರ್ತವೆ? ಒಣ ಎಲೆಯಲ್ಲಿ. ದರಕಿನ ಕಾಲ, ಸೌದೆ ಕಾಲ, ಜಾತ್ರೆ ಕಾಲ, ಕಾಯಿಲೆ ಕಾಲ ಎಲ್ಲ ಒಂದೇ.

ಆರೋಗ್ಯ ಇಲಾಖೆ ಮೊದಲು ಡಿಎಂಪಿ ಎಣ್ಣೆ ಕೊಡ್ತಿತ್ತು, ಈಗ ಡೆಪಾ ಎಣ್ಣೆ ಕೊಡುತ್ತೆ. ಸತ್ತ ಮಂಗದ ಸುತ್ತ ಮೆಲಾಥಿಯಾನ್ ಪುಡಿ ಹಾಕ್ತಾರೆ. ಲಸಿಕೆಯ ಕಥೆ ಇನ್ನೊಂದು. 1950ರ ದಶಕದ ಕೊನೆಗೆ ರಷ್ಯಾದ ಜ್ವರದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು, ಕೆಲಸಕ್ಕೆ ಬರಲಿಲ್ಲ. 1990ರಿಂದ ನಮ್ಮದೇ ಲಸಿಕೆ ಬಳಕೆಗೆ ಬಂತು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್, ನಂತರ ವರ್ಷಕ್ಕೊಂದು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಪಡೆದವರಿಗೆ ಸುಮಾರು 62%, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು 83% ರಕ್ಷಣೆ. 2022ರ ಹೊತ್ತಿಗೆ ಆ ಲಸಿಕೆಯೂ ನಿಂತಿತು. ಹೊಸದರ ಕೆಲಸವನ್ನು ಐಸಿಎಂಆರ್ ನಡೆಸುತ್ತಿದೆ.

ದೊಡ್ಡಮ್ಮ ಲಸಿಕೆ ಅರ್ಧಕ್ಕೆ ಬಿಟ್ಟವರು. ಯಾಕೆ ಅಂತ ಕೇಳಿದೆ.

"ಹಾಕಿಸ್ಕೊಂಡ ಕೈ ಎರಡು ದಿನ ಎತ್ತೋಕಾಗಲ್ಲ. ಎರಡು ದಿನದ ಕೂಲಿ ಯಾರು ಕೊಡ್ತಾರೆ?"

"ಎಣ್ಣೆ ಹಚ್ಚಿಕೊಂಡು ಹೋಗಬಹುದಲ್ಲ ದೊಡ್ಡಮ್ಮ?"

"ಹಚ್ಕೊಳ್ತೀನಿ. ಬೆವರಿಗೆ ಎಷ್ಟು ಹೊತ್ತು ನಿಲ್ಲುತ್ತೆ ಅದು? ಕಾಡಿಗೆ ಹೋಗಬೇಡಿ ಅಂತ ಗೋಡೆ ಮೇಲೆ ಬರೆದಿದಾರೆ. ಒಲೆಗೆ ಏನಿಡ್ಲಿ, ಅದನ್ನೂ ಬರೀಬೇಕಿತ್ತು."

ಇದನ್ನು ನಾವು 'ಅರಿವಿನ ಕೊರತೆ' ಅಂತೀವಿ. ಆದರೆ ದೊಡ್ಡಮ್ಮನಿಗೆ ಗೊತ್ತಿಲ್ಲದ್ದು ಏನಿದೆ? ಯಾವ ಕಡೆ ಉಣುಗು ಜಾಸ್ತಿ ಅಂತ ಗೊತ್ತು. ಮಂಗದ ಕೂಗು ಕೇಳದ ಕಾಡಿಗೆ ಹೋಗಬಾರದು ಅಂತ ಗೊತ್ತು. ಮನೆಗೆ ಬಂದ ತಕ್ಷಣ ಸೀರೆ ಬಿಸಿನೀರಿಗೆ ಹಾಕಿ, ಮೈ ತೊಳೆದು, ಕಿವಿ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಬೇಕು ಅಂತ ಅಜ್ಜಿಯಿಂದ ಕಲಿತದ್ದು ಈಗ ಸರ್ಕಾರದ ಕರಪತ್ರದಲ್ಲೂ ಇದೆ. ಅವರಲ್ಲಿ ಇಲ್ಲದಿರೋದು ಅರಿವಲ್ಲ, ಬೇರೆ ದಾರಿ.

ನಾವು ಕಾಮರ್ಸ್ ಕ್ಲಾಸಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಓದ್ತೀವಿ. ಒಬ್ಬನ ವ್ಯಾಪಾರದ ಖರ್ಚು ಅದರಲ್ಲಿ ಪಾಲೇ ಇಲ್ಲದ ಇನ್ನೊಬ್ಬನ ಮೇಲೆ ಬೀಳೋದು. ನಾಟಾ, ಕಾಗದ, ಗೇರು, ಅಡಿಕೆ, ಎಲ್ಲದರ ಲೆಕ್ಕಪುಸ್ತಕ ಇದೆ. ಜ್ವರದ ಖರ್ಚು ಅದ್ಯಾವುದರಲ್ಲೂ ಇಲ್ಲ. ಅದು ದೊಡ್ಡಮ್ಮನ ಸೆರಗಿನ ಗಂಟಿನಿಂದ ಹೋಗುತ್ತೆ.

ಹೊಸ ಹಕ್ಕಿ: ಹವಾಮಾನ

ಈಗ ಕಾಯಿಲೆ ನಮ್ಮ ತಾಲ್ಲೂಕಿನದ್ದಷ್ಟೇ ಅಲ್ಲ. 2012ರಲ್ಲಿ ಬಂಡೀಪುರ, ನಂತರ ಕೇರಳದ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಲಗೋಡು ಸುತ್ತ ಸಾಲು ಸಾವು. ಹಾಗಾಗಿ ಈಗ ಸಭೆಗಳಲ್ಲಿ ಕೇಳಿಬರೋ ಮಾತು 'ಹವಾಮಾನ ಬದಲಾವಣೆ'. 2019ರಲ್ಲಿ ಕೇಂದ್ರ ಸರ್ಕಾರ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯಕ್ಕಾಗಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರು ಮಾಡಿತು.

ಹವಾಮಾನ ಬದಲಾಗಿಲ್ಲ ಅಂತ ಹೇಳುವಷ್ಟು ದಡ್ಡಿ ನಾನಲ್ಲ. ಉಣುಗಿನ ಬದುಕು ಮಳೆ, ತೇವ, ಬಿಸಿಲಿಗೆ ಕಟ್ಟಿಕೊಂಡದ್ದು. ಮಳೆ ಯಾವಾಗ ನಿಲ್ಲುತ್ತೆ ಅನ್ನೋದು ಬದಲಾದರೆ ಅದರ ಕಾಲವೂ ಬದಲಾಗುತ್ತೆ. ನನ್ನ ಅನುಮಾನ ಬೇರೆ. ಅವತ್ತು ಸೈಬೀರಿಯಾದ ಹಕ್ಕಿ ಆಕಾಶದಿಂದ ಬಂತು, ಇವತ್ತು ಹವಾಮಾನವೂ ಆಕಾಶದಿಂದಲೇ ಬರುತ್ತೆ. ಎರಡರಲ್ಲೂ ಒಂದು ಅನುಕೂಲ ಇದೆ: ಇಲ್ಲಿ ನೆಲದ ಮೇಲೆ ಯಾರು ಏನು ಮಾಡಿದರು ಅಂತ ಕೇಳಬೇಕಾಗಿಲ್ಲ.

ಹವಾಮಾನ ನೀತಿಯಲ್ಲೂ ನೆಲದ ಪ್ರಶ್ನೆ ಇದೆ. ಕಾಡು ಮತ್ತು ಮರಗಳ ಮೂಲಕ 2030ರೊಳಗೆ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೀರಿಸ್ತೀವಿ ಅಂತ ಭಾರತ 2015ರಲ್ಲಿ ಪ್ರಪಂಚಕ್ಕೆ ಮಾತು ಕೊಟ್ಟಿದೆ. ಒಳ್ಳೆಯ ಮಾತೇ. ಆದರೆ ನಮ್ಮಲ್ಲಿ 'ಅರಣ್ಯ ಹೊದಿಕೆ' ಅಂದ್ರೆ ಏನು? ಒಂದು ಹೆಕ್ಟೇರಿಗಿಂತ ದೊಡ್ಡ ಜಾಗ, 10% ನೆತ್ತಿ ಮುಚ್ಚಿರಬೇಕು, ಅಷ್ಟೇ. ಯಾವ ಮರ, ಯಾರ ಜಾಗ ಅಂತ ಕೇಳಲ್ಲ. ಉಪಗ್ರಹದ ಕಣ್ಣಿಗೆ ಕಾನೂ ಹಸಿರು, ಅಕೇಶಿಯಾ ತೋಪೂ ಹಸಿರು. ಉಣುಗಿಗೆ, ಮಂಗನಿಗೆ, ದೊಡ್ಡಮ್ಮನಿಗೆ ಎರಡೂ ಒಂದೇ ಅಲ್ಲ.

ಬ್ರಿಟನ್ನಿನ ವಿಜ್ಞಾನಿಗಳು ಮತ್ತು ನಮ್ಮ ಬೆಂಗಳೂರಿನ ಏಟ್ರೀ ಮುಂತಾದ ಸಂಸ್ಥೆಗಳು ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಹೀಗೇ ಹೇಳುತ್ತೆ. ಬರೀ ದಟ್ಟ ಕಾಡಿನಲ್ಲಲ್ಲ, ನಿತ್ಯಹಸಿರು ಕಾಡು ಮತ್ತು ತೋಟಗಳು ಒಂದರೊಳಗೊಂದು ಬೆರೆತ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಜಾಸ್ತಿ. ಅಂದ್ರೆ ನಮ್ಮ ಸೊರಬ, ಸಾಗರದಂಥ ಸೀಮೆ. ಈ ನಕ್ಷೆ ಮಾಡುವಾಗ ಅವರು ಆರೋಗ್ಯ, ಪಶು, ಅರಣ್ಯ ಇಲಾಖೆಯವರನ್ನು ಒಟ್ಟಿಗೆ ಕೂರಿಸಿಕೊಂಡು ಕೆಲಸ ಮಾಡಿದರು. ಮುಂದಿನ ಸಲ ದರಕು ಗುಡಿಸುವವರೂ ಅದೇ ಮೇಜಿನ ಸುತ್ತ ಕೂರಬೇಕು ಅನ್ನೋದು ನನ್ನ ಮಾತು.

ಅಕೇಶಿಯಾ ವಿಷಯದಲ್ಲಿ ಜನ ಈಗಾಗಲೇ ಮಾತಾಡಿದ್ದಾರೆ. 2020ರಲ್ಲಿ ಕಾಗದ ಕಾರ್ಖಾನೆಯ ಗುತ್ತಿಗೆ ಮುಗಿದು ಅದನ್ನು ಮತ್ತೆ ಮುಂದುವರಿಸಲು ಹೊರಟಾಗ ಜಿಲ್ಲೆಯಲ್ಲಿ ಹೋರಾಟ ಎದ್ದಿತು. ಆ ನೆಲದಲ್ಲಿ ಮುಂದೆ ಏನು ಬೆಳೆಯಬೇಕು ಅನ್ನೋದನ್ನು ನಾನು ಪರಿಸರದ ಪ್ರಶ್ನೆ ಅಂತಷ್ಟೇ ನೋಡಲ್ಲ. ಅದು ಆರೋಗ್ಯದ ಪ್ರಶ್ನೆ. ದೊಡ್ಡಮ್ಮನ ಒಲೆಗೆ ಗ್ಯಾಸ್ ವರ್ಷವಿಡೀ ಸಿಗುತ್ತಾ, ಲಸಿಕೆ ದಿನದ ಕೂಲಿ ಸಿಗುತ್ತಾ ಅನ್ನೋದನ್ನೂ ಹವಾಮಾನ ನೀತಿ ಅಂತಲೇ ಕರೀಬೇಕು.

ಕೊನೆಗೆ

ಮನೆಯಲ್ಲಿ ನೆನಪಿಡಬೇಕಾದ್ದು ನಾಲ್ಕೇ ಮಾತು. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಅವತ್ತೇ ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಎಣ್ಣೆ ಹಾಕಿ ಹೋಗಿ. ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಮೈ ನೋಡಿಕೊಳ್ಳಿ. ಜ್ವರ ಬಂದರೆ ಡಾಕ್ಟರ್ ಹತ್ತಿರ 'ಕಾಡಿಗೆ ಹೋಗಿದ್ದೆ' ಅಂತ ಮರೆಯದೆ ಹೇಳಿ. ಆ ಒಂದು ಮಾತಿನಿಂದ ಪರೀಕ್ಷೆ ಬೇಗ ಆಗುತ್ತೆ.

ಇನ್ನೊಂದು ಕೋರಿಕೆ. ನಿಮ್ಮ ಮನೆಯಲ್ಲಿ 1957 ನೋಡಿದ ಹಿರಿಯರಿದ್ದರೆ ಒಂದು ಸಂಜೆ ಕೂತು ಕೇಳಿ, ಮೊಬೈಲಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ಪುಣೆಯವರು ಬರೆದದ್ದು, ಅಮೆರಿಕದವರು ಬರೆದದ್ದು ಎಲ್ಲ ಅಚ್ಚಾಗಿದೆ. ಮಂಗ ಬಿದ್ದದ್ದನ್ನು ಮೊದಲು ಕಂಡವರ ಮಾತು ಮಾತ್ರ ಬಾಯಲ್ಲೇ ಉಳಿದಿದೆ. ನಮ್ಮ ಅಜ್ಜಿಗೆ ಈಗ ಎಂಬತ್ತು ದಾಟಿದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿರಿ. ನಮಸ್ಕಾರ.